ಎಣಿಸದ ನಾಡಿ

ಜೂನ್ 12, ರಾತ್ರಿ ಎರಡೂವರೆ. ಮಗಳ ಕಾಲು ಸೆಟೆದು ಹಿಮ್ಮಡಿ ಮಂಚದ ಕಂಬಿಗೆ ಬಡಿದ ಸದ್ದಿಗೆ ಎಚ್ಚರವಾಯಿತು. ಇನ್ನೂ ಒಂದು ಹೆಜ್ಜೆಯೂ ಇಡದವಳ ಎದೆ, ಓಡಿ ಬಂದವರ ಎದೆಯಂತೆ ಹೊಡೆದುಕೊಳ್ಳುತ್ತಿತ್ತು.

"ಸ್ನಾಯು ಬಿಗಿದ್ರೆ ಹೃದಯಾನೂ ಗಾಬರಿಯಾಗುತ್ತೆ. ವ್ಯಾಯಾಮಕ್ಕೆ ಅಂತ ಕಾಲು ಎಳೆಯೋ ಮುಂಚೆ, ಎಳೆದ ಮೇಲೆ, ನಾಡಿ ಎಣಿಸಿ ಪುಸ್ತಕದಲ್ಲಿ ಬರೀರಿ," ಎಂದಿದ್ದರು ಫಿಸಿಯೋಥೆರಪಿ ಮೇಡಂ. ಮೂರು ವಾರ ನಾನು ಎಣಿಸಲೇ ಇಲ್ಲ. ನಿನ್ನೆ ಅವರ ಕೋಣೆಯ ಹೊರಗೆ ಕೂತು, ಅನುಮಾನ ಬಾರದಿರಲೆಂದು ಎರಡು ಪೆನ್ನು ಬದಲಿಸಿ, ಮೂರು ವಾರಕ್ಕೂ ಚೆಂದದ ಸುಳ್ಳು ಅಂಕಿಗಳನ್ನು ತುಂಬಿದೆ.

"ಭೇಷ್! ನಿಮ್ಮಂಥ ಅಮ್ಮ ಎಲ್ಲ ಮಕ್ಕಳಿಗೂ ಸಿಗಬೇಕು ಕಣ್ರೀ. ನಾಳೆಯಿಂದ ಇನ್ನೂ ಜೋರಾಗಿ ಎಳೆಯೋಣ," ಎಂದರು ಮೇಡಂ, ಅಂಕಿಗಳನ್ನು ನೋಡಿ. ನಾನು ನಾಚಿಕೆಯಿಲ್ಲದೆ ನಕ್ಕೆ.

ಬೆಳಿಗ್ಗೆ ಒಂಬತ್ತಕ್ಕೆ ಮಗಳನ್ನು ಮತ್ತೆ ಅವರ ಬಳಿ ಕರೆದೊಯ್ಯಬೇಕು. ನಾನಾಗಿ ಫೋನ್ ಮಾಡಿ ನಿಜ ಹೇಳಲು ಮುಖವಿಲ್ಲ. ಬೆಳಗಾದರೆ ಮತ್ತೆ ನಕ್ಕುಬಿಡುತ್ತೇನೆ. ಮೇಡಂ, ಅದಕ್ಕೆ ಮುಂಚೆ ನೀವೇ ಒಂದು ಸಲ ಫೋನ್ ಮಾಡಿ, ನಿಜವಾಗಿ ಎಣಿಸಿದ್ರಾ ಅಂತ ಕೇಳಿ, ದಯವಿಟ್ಟು, ನೀವೇ