ನರಸಪ್ಪನವರ ಕಲ್ಲು

೧೮ ಜೂನ್ ೨೦೧೪, ಬುಧವಾರ

ಇವತ್ತು ಓನರ್ ಸಿದ್ದರಾಜು ಅವರಿಗೆ ಎದುರು ಮಾತಾಡಿದೆ.

ಪೀಣ್ಯದ ನಮ್ಮ ಶೆಡ್‌ಗೆ ನರಸಪ್ಪ ಎನ್ನುವ ಹಿರಿಯರು, ತೀರಿಹೋದ ಹೆಂಡತಿಯ ಮುಖ ಕೆತ್ತಿಸಲು ಕರಿ ಗ್ರಾನೈಟ್ ತಂದಿದ್ದರು. ನಾಳೆ ವರ್ಷದ ಕಾರ್ಯ. ನಮ್ಮ ಲೇಸರ್ ಮೆಷಿನ್ ಕೆಳಗಿನಿಂದ ಮೇಲಕ್ಕೆ ಕೆತ್ತುತ್ತದೆ. ಗದ್ದ, ತುಟಿ, ಮೂಗುತಿ ಬಂದವು. ಕಣ್ಣು ಬರುವ ಮೊದಲೇ ಮೆಮೊರಿ ಎರರ್ ತೋರಿಸಿ ನಿಂತುಬಿಟ್ಟಿತು.

"ಕಲ್ಲು ತೆಗ್ದು ಪಕ್ಕಕ್ಕಿಡು ಲಾವಣ್ಯ, ಬೇರೆ ಕೆಲ್ಸ ಹಾಕು" ಎಂದರು ಸಿದ್ದರಾಜು.

"ಚೂರು ಅಲ್ಲಾಡಿದ್ರೂ ಮುಖ ಕೆಟ್ಟೋಗತ್ತೆ ಸಾರ್. ಯಾರೂ ಮುಟ್ಬೇಡಿ" ಎಂದೆ. ದನಿ ಜೋರಾಗಿಯೇ ಇತ್ತು.

ತಪ್ಪು ನನ್ನದೇ. ಚೆನ್ನಾಗಿ ಬರಲೆಂದು ನರಸಪ್ಪನವರು ತಂದ ಫೋಟೋವನ್ನು ತೀರಾ ದೊಡ್ಡ ಫೈಲಾಗಿ ಸ್ಕ್ಯಾನ್ ಮಾಡಿದ್ದೆ. ಮೆಷಿನ್ನಿನಲ್ಲಿ ಹಳೆಯ ಫೈಲುಗಳೂ ತುಂಬಿದ್ದವು. ಅವನ್ನೆಲ್ಲ ಅಳಿಸಿದೆ. ಉಳಿದ ಅರ್ಧ ಮುಖವನ್ನಷ್ಟೇ ಬೇರೆ ಮಾಡಿ, ಫೈಲ್ ಚಿಕ್ಕದಾಗಿಸಿ, ನಿಂತ ಜಾಗದಿಂದಲೇ ಶುರು ಮಾಡಿದೆ. ಕಣ್ಣು ಬರುವವರೆಗೂ ನರಸಪ್ಪನವರು ಕೂರಲಿಲ್ಲ, ನಾನೂ ಕೂರಲಿಲ್ಲ.

ಎರಡು ಭಾಗ ಸೇರುವಲ್ಲಿ ಸಣ್ಣ ಗೆರೆಯೊಂದು ಉಳಿಯಿತು. ಹೇಳಬೇಡ ಎಂದು ಸಿದ್ದರಾಜು ಕಣ್ಸನ್ನೆ ಮಾಡಿದರು. ಆದರೂ ಬೆರಳಿಟ್ಟು ತೋರಿಸಿದೆ.

ನರಸಪ್ಪನವರು ಬಗ್ಗಿ ತುಂಬ ಹೊತ್ತು ನೋಡಿದರು. "ಇರ್ಲಿ ಬುಡವ್ವ. ಇಂಗೆ ನನ್ನೇ ನೋಡ್ತಾವ್ಳಲ್ಲ, ಸಾಕು" ಎಂದು ಕಲ್ಲನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಆಟೋ ಹತ್ತಿದರು.

ಸ್ಕ್ಯಾನ್ ಮಾಡುವಾಗಲೇ ಸೈಜ್ ನೋಡಿದ್ದರೆ ಆ ಗೆರೆ ಬೀಳುತ್ತಿರಲಿಲ್ಲ. ನರಸಪ್ಪನವರು ನಾಲ್ಕು ಮಾತು ಬೈದಿದ್ದರಾದರೂ ಇಷ್ಟು ಹೊತ್ತಿಗೆ ನಿದ್ದೆ ಬಂದಿರುತ್ತಿತ್ತು.