ಡಬ್ಬಿ ನಾನ ತಗದೇನ್ರಿ

ಹುಬ್ಬಳ್ಳಿ, ಫೆಬ್ರುವರಿ ೩೦, ೨೧೪೧

ಪ್ರೀತಿಯ ಇಂದುಮತಿಯವರಿಗೆ,

ಮೇಲಿನ ತಾರೀಖು ಕೈತಪ್ಪಿ ಬರೆದದ್ದಲ್ಲ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕವನ್ನು ವರ್ಷದ ಕೊನೆಗೆ ಒಟ್ಟು ಮಾಡಿ ಎಲ್ಲರೂ ರಜೆ ಹಾಕುತ್ತೇವೆ. ನನ್ನ ಕನ್ನಡವೂ ಅಲ್ಲಲ್ಲಿ ವಿಚಿತ್ರ ಅನ್ನಿಸಬಹುದು. ನಿಮ್ಮ ಕಾಲದ ಬರಹ ಓದಿ ಆದಷ್ಟು ತಿದ್ದಿಕೊಂಡಿದ್ದೇನೆ, ಉಳಿದದ್ದನ್ನು ಕ್ಷಮಿಸಿ. ನಾನು ಫಕೀರವ್ವನ ಮೊಮ್ಮಗಳ ಮೊಮ್ಮಗಳು. ನಾಳೆ ಬೆಳಿಗ್ಗೆ ಕೋರ್ಟಿನಲ್ಲಿ ನೀವು ಯಾರ ವಿರುದ್ಧ ಸಾಕ್ಷಿ ಹೇಳಲಿದ್ದೀರೋ, ಅದೇ ಫಕೀರವ್ವ.

ನಾನು ಠಾಣೆಯಲ್ಲಿ ಮರುದನಿಯವಳು. ಈ ಕೆಲಸ ನಿಮ್ಮಲ್ಲಿಲ್ಲ. ಆರೋಪ ಹೊತ್ತವರು ಆಡಿದ ಮಾತನ್ನು ಅವರದೇ ಸೀಮೆಯವರೊಬ್ಬರು ಅವರ ಮುಂದೆ ಕೂತು ತಿರುಗಿ ಹೇಳಬೇಕು. ಇದು ನನ್ನದೇ ಮಾತು ಎಂದು ಅವರು ಒಪ್ಪುವವರೆಗೆ ಯಾರೂ ಅದನ್ನು ಬರೆದುಕೊಳ್ಳುವಂತಿಲ್ಲ. ನಿನ್ನೆ ಒಬ್ಬ ಮುದುಕಿ ಮಧ್ಯಾಹ್ನದವರೆಗೆ ಸತಾಯಿಸಿದಳು. "ಅಷ್ಟ ಮೆತ್ತಗ ಅಂದಿಲ್ಲಬೇ ನಾ. ಒಂಚೂರು ಸಿಟ್ಟ ಹಾಕು." ನಾನು ಸಿಟ್ಟು ಹಾಕಿದೆ. "ಹಾಂ, ಈಗ ನನ್ನಂಗ ಆತು" ಎಂದು ನಕ್ಕಳು.

ಆ ಮದುವೆಯಲ್ಲಿ ಇಂಥವರು ಯಾರೂ ಇರಲಿಲ್ಲ. ನಿಮ್ಮ ಅಣ್ಣನ ಮಗಳು ಚಿತ್ಕಳಾ ಮದುಮಗಳು. ಫಕೀರವ್ವ ಅವಳಿಗೆ ಮೊಗ್ಗಿನ ಜಡೆ ಹೆಣೆಯಲು ಬಂದವಳು. ಸೀರೆ ಬದಲಿಸುವ ಹೊತ್ತಿಗೆ ತೋಳಿನ ವಂಕಿ ಕಾಣಲಿಲ್ಲ. ಒಡವೆಯ ಡಬ್ಬಿ ಮುಚ್ಚಳ ತೆರೆದು ಬಿದ್ದಿತ್ತು. ಇದನ್ನು ತೆಗೆದವರು ಯಾರು ಎಂದು ನೀವು ಕೇಳಿದಿರಿ. ತುಟಿಯಲ್ಲಿ ಕಚ್ಚಿಕೊಂಡಿದ್ದ ದಾರ ಬಿಟ್ಟು ಆಕೆ ಹೇಳಿದಳು: "ಡಬ್ಬಿ ನಾನ ತಗದೇನ್ರಿ ಅಕ್ಕಾರ. ಪಿನ್ನ ಬೇಕಾಗಿದ್ವು." ಎರಡನೆಯ ಮಾತು ಹೊರಗಿನ ಶಹನಾಯಿಯಲ್ಲಿ ಮುಳುಗಿಹೋಯಿತು; ನೀವು ಆಗಲೇ ಬಾಗಿಲು ದಾಟಿದ್ದಿರಿ. ಊಟದ ಹಾಲ್‌ನಲ್ಲಿ ಅಣ್ಣನಿಗೆ ಹೇಳಿದಿರಿ: "ಕೇಳಿದ್ದಕ್ಕೆ ನಾನೇ ತಗೊಂಡೆ ಅಂದ್ಲು ಕಣೋ!"

ಡಬ್ಬಿ ತೆಗೆಯುವುದು ಬೇರೆ, ಒಡವೆ ತೆಗೆದುಕೊಳ್ಳುವುದು ಬೇರೆ. ಮೈಸೂರಿನ ನಿಮಗೂ ಅದು ಗೊತ್ತು. ‘ಕೊಂಡೆ’ ಎಂಬ ಆ ಒಂದಿಷ್ಟು ಬಾಲ ಓಡುವ ಅವಸರದಲ್ಲಿ ಅಂಟಿಕೊಂಡಿತು. ನೀವು ಸುಳ್ಳು ಹೇಳಿದವರಲ್ಲ. ಬಂಧುಗಳಿಗೆ, ಪೊಲೀಸರಿಗೆ, ವಕೀಲರಿಗೆ ಹೇಳುತ್ತಾ ಹೇಳುತ್ತಾ ಈಗ ನಿಮ್ಮ ಕಿವಿಯಲ್ಲಿ ಉಳಿದಿರುವುದೇ ಅದು. ಆ ದಿನವೇ ಪಾಯಸ ಬಡಿಸುವುದರೊಳಗೆ ಪಂಕ್ತಿಯಲ್ಲಿದ್ದವರೆಲ್ಲ "ಒಪ್ಪಿಕೊಂಡಳಂತೆ" ಎನ್ನುತ್ತಿದ್ದರು.

ಜಾಮೀನು ಸಿಗುವವರೆಗೆ ಫಕೀರವ್ವ ಜೈಲಿನಲ್ಲಿದ್ದಳು. ಈಗ ಹೊರಗಿದ್ದಾಳೆ, ಆದರೆ ಯಾವ ಮದುವೆಗೂ ಕರೆಯಿಲ್ಲ. ಬಸ್ಸಿನಲ್ಲಿ ಪಕ್ಕ ಕೂತ ಪರಿಚಿತ ಹೆಂಗಸರು ಸೆರಗನ್ನು ಕೊರಳ ಮೇಲೆ ಎಳೆದುಕೊಳ್ಳುತ್ತಾರೆ. ಮಗಳಿಗೆ ಬಂದಿದ್ದ ಸಂಬಂಧ ಮುರಿಯಿತು. ನಾಳೆ ನೀವು ಅದೇ ಮಾತು ಹೇಳುತ್ತೀರಿ, ಕೋರ್ಟು ಅದನ್ನು ತಪ್ಪೊಪ್ಪಿಗೆ ಎಂದು ನಂಬುತ್ತದೆ, ಆಕೆಗೆ ಶಿಕ್ಷೆಯಾಗುತ್ತದೆ. ಶಿಕ್ಷೆ ಮುಗಿಸಿ ಮನೆಗೆ ಬಂದ ಮೇಲೆ ಸ್ವಂತ ಮಗಳ ಜಡೆಯನ್ನೂ ಹೆಣೆಯಲಿಲ್ಲವಂತೆ. ನಮ್ಮ ಮನೆಯ ಹೆಂಗಸರು ಈಗಲೂ ಬೇರೆಯವರ ಡಬ್ಬಿ ಮುಟ್ಟುವುದಿಲ್ಲ. ಗೆಳತಿ ಅವಲಕ್ಕಿಯ ಡಬ್ಬಿ ಮುಂದಿಟ್ಟರೂ "ನೀವ ತಗೀರಿ" ಎನ್ನುತ್ತೇವೆ. ಮಕ್ಕಳು ನಗುತ್ತಾರೆ, ದೊಡ್ಡವರಾಗಿ ತಾವೂ ಹಾಗೇ ಅನ್ನುತ್ತಾರೆ.

ವಂಕಿ ಸಿಕ್ಕಿತು. ತೋಳಿಗೆ ಬಿಗಿಯಾಯಿತೆಂದು ಬಿಚ್ಚಿದ್ದನ್ನು ಗಡಿಬಿಡಿಯಲ್ಲಿ ಯಾರೋ ಮದುಮಗಳ ಸೂಟ್‌ಕೇಸಿನ ಜೇಬಿಗೆ ಹಾಕಿದ್ದರು. ಅದು ಹರಿದ ಅಸ್ತರಿನೊಳಗೆ ಜಾರಿತ್ತು. ಅಟ್ಟದಿಂದ ಆ ಸೂಟ್‌ಕೇಸು ಇಳಿಸಿದವಳು ಚಿತ್ಕಳಾಳ ಮೊಮ್ಮಗಳು. ಆಗ ಫಕೀರವ್ವ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಬರಿಗೈಯಲ್ಲಿ ಬರಲಾರದೆ ಆ ಹುಡುಗಿ ದೊಡ್ಡ ಪಾತ್ರೆಯಲ್ಲಿ ಸಾರು ಮಾಡಿ ಫಕೀರವ್ವನ ಓಣಿಗೆ ತಂದಳು. ಮನೆಮನೆಗೂ ಒಂದು ಸೌಟು ಬಡಿಸಿ, "ಫಕೀರವ್ವ ಕದ್ದಿರಲಿಲ್ಲ" ಎಂದಳು. ಒಬ್ಬ ಅಜ್ಜ ಕಣ್ಣೊರೆಸಿಕೊಂಡು, "ಸಾರು ಅಂದ್ರ ಇದು ನೋಡವಾ. ಊರಿಗೆಲ್ಲಾ ಸಾರಿದಿ" ಅಂದನಂತೆ. ಇಂದು ಊರೂರಲ್ಲಿ ಅದೇ ಪದ್ಧತಿ. ಯಾರ ಮೇಲಿನ ಆರೋಪ ಸುಳ್ಳೆಂದು ತಿಳಿದರೂ, ಆರೋಪ ಹೊರಿಸಿದವರು ಆ ಸುದ್ದಿ ಮುಟ್ಟಿದ ಪ್ರತಿ ಮನೆಗೂ ಸಾರು ಒಯ್ದು ಹೇಳಬೇಕು. ಇದಕ್ಕೆ ಸಾರೂಟ ಎನ್ನುತ್ತೇವೆ. ಹೊರದೇಶದವರು ನೋಡಲು ಬರುತ್ತಾರೆ.

ಆದರೆ ಇಂದುಮತಿಯವರೇ, ಆ ಸಾರಿನ ಒಂದು ಸೌಟೂ ಫಕೀರವ್ವನ ತಟ್ಟೆಗೆ ಬೀಳಲಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ನಾಳೆ ಕಟಕಟೆಯಲ್ಲಿ ನಿಂತಾಗ ಆಕೆಯತ್ತ ಒಮ್ಮೆ ನೋಡಿ. ಅರ್ಥ ಹೇಳಬೇಡಿ, ಆಕೆ ಆಡಿದಂತೆ, ಆಕೆಯ ದನಿಯಲ್ಲಿ, ಡಬ್ಬಿಯ ಆ ನಾಲ್ಕು ಪದ ಹೇಳಿ. ಜನ ನಕ್ಕರೆ ನಗಲಿ. ಹಾಗೆ ಹೇಳಿದಿರಾದರೆ ಸಾರೂಟ ಹುಟ್ಟುವುದೇ ಇಲ್ಲ, ನನ್ನ ಕೆಲಸ ಇರುತ್ತದೋ ಇಲ್ಲವೋ, ಈ ಕಾಗದವಂತೂ ಇರುವುದಿಲ್ಲ. ಇರದಿರಲಿ. ಆಕೆ ಸಂಜೆ ಮನೆಗೆ ಹೋಗಿ ಮಗಳನ್ನು ಮುಂದೆ ಕೂರಿಸಿಕೊಂಡು ಜಡೆ ಹೆಣೆಯಲಿ.

ಇಂತಿ,
ನೀವು ಮನಸ್ಸು ಮಾಡಿದರೆ ಈ ಕಾಗದ ಬರೆಯಬೇಕಾಗಿಯೇ ಬರದ,
ಬಾಳವ್ವ