ಸಾಬೂದಾನಿ ಇಲ್ಲದ ಉಪವಾಸ

ಅತ್ತೀ,

ಹತ್ತಿ ಬಿಡಿಸಲು ಹೊರಟೆ. ಲಿಂಗಸುಗೂರಿನಲ್ಲಿ ಪರೀಕ್ಷೆಗೆ ರಕ್ತ ಕೊಡುವವರೆಗೆ ನೀರು ಬಿಟ್ಟು ಏನೂ ಬಾಯಿಗೆ ಹಾಕಬೇಡಿ. ಇದು ಸೋಮವಾರದ ಉಪವಾಸವಲ್ಲ. ಹೋದ ಸಲ “ಉಪಾಸ ಇರಬೇಕಂತ್ರಿ” ಎಂದವಳೂ ನಾನೇ, ಸಾಬೂದಾನಿ, ಬೆಲ್ಲದ ಹಾಲು ಕೊಟ್ಟ ಜಾಣೆಯೂ ನಾನೇ. ಶುಗರ್ ಏರಿದ್ದು ಕಂಡು ಡಾಕ್ಟರ್ “ಏನ್ ತಿಂದ್ ಬಂದೀಬೇ ಯವ್ವಾ?” ಎಂದಾಗ ನಿಮ್ಮ ಬೆನ್ನ ಹಿಂದೆ ಅಡಗಿದ್ದೆ. ಇವತ್ತಿನ ರಿಪೋರ್ಟ್ ನೋಡಿಯೇ ಗುಳಿಗೆ ಬರೆಯುತ್ತಾರಂತೆ.

ಬಾಳೆಹಣ್ಣು ಹುಡುಕಬೇಡಿ, ನಾನೇ ತಿಂದಿದ್ದೇನೆ.

ಮುಟ್ಟು ನಿಂತಾಗಿನಿಂದ ನಿಮಗೆ ಒಮ್ಮೆಲೇ ಮೈ ಕಾಯುವುದು, ಬೆವರುವುದು, ನಿದ್ದೆ ಬಾರದಿರುವುದು, ಹೊಟ್ಟೆ ಬೆಳೆದದ್ದು, ಯಾವುದನ್ನೂ ಅಲ್ಲಿ ನೀವು ಹೇಳಲಿಲ್ಲ. ಎಲ್ಲವನ್ನೂ ಈ ಚೀಟಿಯ ಹಿಂದೆ ಬರೆದಿದ್ದೇನೆ. ಏಳನೇ ಇಯತ್ತೆಗೇ ಶಾಲೆ ಬಿಟ್ಟವಳ ಅಕ್ಷರ, ಆದರೂ ಓದಬಹುದು. ಡಾಕ್ಟರ್ ಮುಂದಿಡಿ.

ಈ ಬದಿ ಮಾತ್ರ ತೋರಿಸಬೇಡಿ. ಸಾಬೂದಾನಿ ಮಾಡಿದವಳು ಯಾರೆಂದು ಅವರಿಗೆ ಇನ್ನೂ ಗೊತ್ತಿಲ್ಲ.

ಹುಲಿಗೆಮ್ಮ